ತಾಳ ತಪ್ಪುವ ಎದೆಬಡಿತ

ಆರೋಗ್ಯವಂತ ಹೃದಯವೂ ಆಗೀಗ ತಾಳ ತಪ್ಪುತ್ತದೆ. ನಿಮಿಷಕ್ಕೆ 70ರಂತೆ ಲೆಕ್ಕ ಹಾಕಿದರೂ ದಿನಕ್ಕೆ ಒಂದು ಲಕ್ಷ ದಾಟುವ ಬಡಿತಗಳಲ್ಲಿ ಕೆಲವು ಅವಸರಪಟ್ಟು ಬರುವುದು ಸಹಜ. ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾದವರು ‘ಎದೆ ಧಸಕ್ಕೆಂದಿತು’, ‘ಒಂದು ಗಳಿಗೆ ನಿಂತೇಹೋಯಿತು’ ಎಂದು ಡಾಕ್ಟರ ಮುಂದೆ ಕೂರುತ್ತಾರೆ. ಡಾಕ್ಟರು ನಾಡಿ ಹಿಡಿಯುವ ಹೊತ್ತಿಗೆ ಹೃದಯ ಪರಮ ಸಾಧುವಾಗಿ ನಡೆಯುತ್ತಿರುತ್ತದೆ.

ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಚಿಕ್ಕ ಅಂಗಾಂಶ ಪ್ರತಿ ಬಡಿತಕ್ಕೂ ವಿದ್ಯುತ್ ಸಂಜ್ಞೆ ಕೊಡುತ್ತದೆ. ಅದನ್ನು 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದರು. ಒಮ್ಮೊಮ್ಮೆ ಹೃದಯದ ಬೇರೊಂದು ಮೂಲೆಯ ಜೀವಕೋಶಗಳು ಅದರ ಅಪ್ಪಣೆಗೆ ಕಾಯದೆ ಸಂಜ್ಞೆ ಹೊರಡಿಸಿಬಿಡುತ್ತವೆ. ವೈದ್ಯರು ಇದಕ್ಕೆ ಎಕ್ಟೋಪಿಕ್ ಬಡಿತ ಎನ್ನುತ್ತಾರೆ. ವೇಳೆಗೆ ಮುಂಚೆ ಹೊರಟ ಬಸ್ಸಿನಲ್ಲಿ ಜನ ಕಡಿಮೆ. ತಡವಾಗಿ ಬಂದ ಮುಂದಿನ ಬಸ್ಸು ತುಂಬಿ ತುಳುಕುತ್ತದೆ. ಇಲ್ಲೂ ಅಷ್ಟೇ. ಅವಸರದ ಬಡಿತದಲ್ಲಿ ರಕ್ತ ಸರಿಯಾಗಿ ತುಂಬಿರುವುದಿಲ್ಲ, ಆದ್ದರಿಂದ ಅದು ನಾಡಿಗೂ ಸಿಗದೆ ಹೋಗಬಹುದು. ಅನಂತರ ಕೊಂಚ ಬಿಡುವು. ಆ ಬಿಡುವಿನಲ್ಲಿ ಹೃದಯ ಹೆಚ್ಚು ತುಂಬಿಕೊಂಡು ಜೋರಾಗಿ ಒತ್ತುತ್ತದೆ. ಮನುಷ್ಯನನ್ನು ಬೆಚ್ಚಿಬೀಳಿಸುವುದು ಬಹುಪಾಲು ಈ ಸರಿಯಾದ ಬಡಿತವೇ ಹೊರತು ತಪ್ಪಿದ್ದಲ್ಲ.

ಕಾಟ ಹೆಚ್ಚುವುದು ರಾತ್ರಿ. ಸದ್ದಡಗಿದ ಮನೆಯಲ್ಲಿ ಗಮನ ಒಳಗೆ ಹರಿಯುತ್ತದೆ; ಎಡಮಗ್ಗುಲಿಗೆ ಮಲಗಿದರೆ ಹೃದಯ ಎದೆಗೂಡಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಧಸಕ್ಕೆಂದ ಕೂಡಲೇ ಭಯ, ಭಯಕ್ಕೆ ಅಡ್ರಿನಲಿನ್, ಅದರಿಂದ ಬಡಿತ ಇನ್ನೂ ಜೋರು, ಹೆಚ್ಚುವರಿ ಬಡಿತಗಳಿಗೂ ಅದೇ ಕುಮ್ಮಕ್ಕು. ಬೆರಳು ಮಣಿಕಟ್ಟಿಗೆ ಹೋಗುತ್ತದೆ, ಕಣ್ಣು ಮೊಬೈಲಿಗೆ. ಸುತ್ತಲಿನ ಸುದ್ದಿಗಳೂ ಈ ಭಯವನ್ನು ಬೆಳೆಸುತ್ತವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಬರುವವರ ಸಂಖ್ಯೆ ಏಕಾಏಕಿ ಏರಿತು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದರು. ಆ ಸಾಲನ್ನು ನೋಡಿ ನಗುವುದು ಸುಲಭ, ನ್ಯಾಯವಲ್ಲ.

ಈ ಸಂಕಟಕ್ಕೆ ವೈದ್ಯಶಾಸ್ತ್ರದಲ್ಲಿ ಹಳೆಯ ದಾಖಲೆಯೇ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡಾ ಕೋಸ್ಟಾ ಎದೆ ಹೊಡೆದುಕೊಳ್ಳುವ, ಸುಸ್ತಿನ ದೂರು ಹೇಳುವ ನೂರಾರು ಸೈನಿಕರನ್ನು ನೋಡಿದ. ಹೃದಯದಲ್ಲಿ ರಚನೆಯ ದೋಷ ಸಿಗಲಿಲ್ಲ, ಆದರೆ ಅವರ ನರಳಾಟ ಸುಳ್ಳಾಗಿರಲಿಲ್ಲ. 1871ರಲ್ಲಿ ಅವನು ಪ್ರಕಟಿಸಿದ ಲೇಖನದಿಂದ ಆ ಸ್ಥಿತಿಗೆ ಅವನದೇ ಹೆಸರು ಬಂತು.

ಇಸಿಜಿ ದಾಖಲಿಸುವುದು ಸುಮಾರು ಹತ್ತು ಸೆಕೆಂಡಿನ ಕಥೆಯನ್ನು ಮಾತ್ರ. ಅದಕ್ಕೆಂದೇ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಬಂತು. ನಾರ್ಮನ್ ಹೋಲ್ಟರ್ ಮೊದಲು ರೂಪಿಸಿದ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕಿಲೊ. ಈಗ ಎದೆಗೆ ನಾಲ್ಕಾರು ಪಟ್ಟಿ ಅಂಟಿಸಿ, ಸೊಂಟಕ್ಕೆ ಪುಟ್ಟ ಡಬ್ಬಿ ಕಟ್ಟಿ 24 ಗಂಟೆಗೆ ಮನೆಗೆ ಕಳಿಸುತ್ತಾರೆ. ಆ ದಿನ ಸ್ನಾನವಿಲ್ಲ. ಎದೆ ಹಾರಿದಾಗಲೆಲ್ಲ ಹೊತ್ತು ಬರೆದಿಡಬೇಕು. ಮರುದಿನ ತಾಳೆ ನೋಡಿದರೆ, ಬರೆದಿಟ್ಟ ಹೊತ್ತಿನಲ್ಲಿ ಲಯ ನೆಟ್ಟಗಿದ್ದು, ಏನೂ ಬರೆಯದ ಹೊತ್ತಿನಲ್ಲಿ ಎಕ್ಟೋಪಿಕ್‌ಗಳು ಸಿಗುವುದೂ ಉಂಟು. ಇದರ ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ಪರೀಕ್ಷೆ, ಬೇಕೆನಿಸಿದರೆ ಹೃದಯದ ಎಕೋ ಸ್ಕ್ಯಾನ್.

ಎಲ್ಲ ಸರಿಯಿದ್ದರೆ ‘ಈ ಹೆಚ್ಚುವರಿ ಬಡಿತವನ್ನೇ ಅಳಿಸುವ ಮಾತ್ರೆ ಕೊಡಿ’ ಎಂಬ ಬೇಡಿಕೆ ಬರುತ್ತದೆ. ಡಾಕ್ಟರು ಹಿಂದೇಟು ಹಾಕಲು ಕಾರಣವಿದೆ. ಹೃದಯಾಘಾತದಿಂದ ಬದುಕುಳಿದವರ ಮೇಲೆ ನಡೆದ ಕಾಸ್ಟ್ ಎಂಬ ಅಧ್ಯಯನದಲ್ಲಿ ಎಕ್ಟೋಪಿಕ್‌ಗಳನ್ನು ಚೆನ್ನಾಗಿಯೇ ಅಡಗಿಸಿದ ಔಷಧಗಳನ್ನು ಪಡೆದವರಲ್ಲಿ ಸಾವು ಹೆಚ್ಚಾದದ್ದು 1989ರಲ್ಲಿ ಬಯಲಾಯಿತು. ನಿರುಪದ್ರವಿ ಬಡಿತಕ್ಕೆ ಹೆಚ್ಚೆಂದರೆ ಬೀಟಾ ಬ್ಲಾಕರ್, ಅದೂ ಕಾಟ ತಡೆಯದಾದಾಗ. ಹೆಚ್ಚುವರಿ ಬಡಿತಗಳು ಒಟ್ಟು ಬಡಿತದ ಶೇ. 10ರಷ್ಟನ್ನು ದಾಟಿದರೆ ಮಾತು ಬೇರೆ. ಬಹುಕಾಲ ಹಾಗೇ ಇದ್ದರೆ ಹೃದಯದ ಸ್ನಾಯು ಸೊರಗಬಹುದು.

ಉಳಿದದ್ದು ನಿರುಪದ್ರವಿ ಬಡಿತದೊಂದಿಗೆ ಬಾಳುವೆ. ನಿದ್ದೆಗೆಡುವುದು, ಸಿಗರೇಟು, ಮದ್ಯ ಕೆಲವರಲ್ಲಿ ಇದನ್ನು ಕೆರಳಿಸುತ್ತವೆ. ಕಾಫಿ ಎಲ್ಲರಿಗೂ ಅಪರಾಧಿಯಲ್ಲ, ಕುಡಿದಾಗಲೆಲ್ಲ ಎದೆ ಹಾರುವವರು ಬಿಟ್ಟು ನೋಡಿದರೆ ಸಾಕು. ಬಿಡಬೇಕಾದ ದೊಡ್ಡ ಚಟ ನಾಡಿ ಹಿಡಿದು ನೋಡುವುದು. ವರದಿ ನೋಡಿದ ನೆಮ್ಮದಿ ವಾರದಲ್ಲಿ ಕರಗಿ ಇನ್ನೊಂದು ಇಸಿಜಿ ಬೇಕೆನಿಸುವವರಿಗೆ ಹೃದ್ರೋಗ ತಜ್ಞರಿಗಿಂತ ಮನೋವೈದ್ಯರು, ಆಪ್ತಸಮಾಲೋಚಕರು ಹೆಚ್ಚು ನೆರವಾಗಬಲ್ಲರು. ಇದನ್ನು ಒಪ್ಪಿಕೊಳ್ಳಲು ನಮ್ಮಲ್ಲಿ ಮುಜುಗರ ಜಾಸ್ತಿ.

ಆದರೆ ಎದೆ ಹಾರುವಾಗ ತಲೆಸುತ್ತಿ ಬಿದ್ದರೆ, ಎದೆನೋವು, ಉಸಿರುಕಟ್ಟು ಇದ್ದರೆ, ಓಡುವಾಗ ಅಥವಾ ಮೆಟ್ಟಿಲು ಹತ್ತುವಾಗಲೇ ಬಂದರೆ, ಮನೆತನದಲ್ಲಿ ಎಳೆವಯಸ್ಸಿನ ಹಠಾತ್ ಸಾವು ಆಗಿದ್ದರೆ, ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸುಮ್ಮನಿರದೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.