ಗೂಡಿನ ಬಾಗಿಲು ತೆಗೆದಿಟ್ಟು

ಹಳ್ಳಿಯ ಮನೆಗಳಲ್ಲಿ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ ಎಂಬ ಪ್ರಶ್ನೆ ಹುಟ್ಟುವುದೇ ಅಪರೂಪ. ನಾಯಿಯ ಜಾಗ ಜಗುಲಿ. ಹಿತ್ತಿಲು, ಕಣ, ಊರ ಬೀದಿಯೆಲ್ಲ ಅದರ ರಾಜ್ಯ. ಮನೆಯಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಪಟ್ಟಣದ ಎರಡು ಕೋಣೆಯ ಮನೆಯ ಮಾತು ಬೇರೆ. ಬೆಳಿಗ್ಗೆ ಎಂಟೂವರೆಗೆ ಅಪ್ಪ ಆಫೀಸಿಗೆ, ಅಮ್ಮ ಶಾಲೆಗೆ, ಮಕ್ಕಳು ಕಾಲೇಜಿಗೆ ಹೊರಟರೆ ಬಾಗಿಲಿಗೆ ಬೀಗ. ಒಳಗೆ ಮರಿಯೊಂದೇ.

ಇದಕ್ಕೆ ಪೇಟೆಯಲ್ಲಿ ಸಿಗುವ ಉತ್ತರ ಕ್ರೇಟ್ ಎಂಬ ತಂತಿಯ ಗೂಡು. ಅಮೆರಿಕದಲ್ಲಿ ಇದು ಬಹಳ ಸಾಮಾನ್ಯ. ಸ್ವೀಡನ್ನಿನಲ್ಲಾದರೋ ನಾಯಿಯನ್ನು ಮನೆಯೊಳಗೆ ಹೀಗೆ ಕೂಡಿಹಾಕಲು ಕಾನೂನೇ ಒಪ್ಪುವುದಿಲ್ಲ. ಭಾರತದಲ್ಲಿ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಕಾಯ್ದೆಯ ಪ್ರಕಾರ ಪ್ರಾಣಿಹಿಂಸೆ. ಗೂಡು ಕೆಟ್ಟದ್ದೆಂದಲ್ಲ. ಸ್ವಲ್ಪ ಹೊತ್ತಿಗಾದರೆ ಅದು ಮರಿಯ ಮಲಗುವ ಕೋಣೆ. ದಿನವಿಡೀ ಬಾಗಿಲು ಮುಚ್ಚಿದರೆ ಸೆರೆಮನೆ.

ಮೈಸೂರಿನ ಒಂದು ಮನೆಯಲ್ಲಿ ಪಿಯುಸಿ ಓದುವ ಮಗಳ ಹಟಕ್ಕೆ ಬೀದಿಯ ಮರಿಯೊಂದು ಒಳಗೆ ಬಂತು, ಅದರ ಹಿಂದೆಯೇ ಗೂಡೂ ಬಂತು. ಮರಿಗೆ ಐದು ತಿಂಗಳಾದಾಗ ಮಗಳು, "ಅಪ್ಪಾ, ಇನ್ಮೇಲೆ ಗೂಡಿನ ಬಾಗಿಲು ಹಾಕೋದು ಬೇಡ" ಎಂದಳು. "ಸೋಫಾ ಹರಿದರೆ ಹೊಲಿಸಿಕೊಡೋರು ಯಾರಮ್ಮಾ?" ಎಂದರು ಅಪ್ಪ. "ದೇವರ ಮನೇಲಿ ದೀಪ ಉರೀತಿರುತ್ತಲ್ಲೇ!" ಎಂದರು ಅಮ್ಮ. ಮೂವರ ಮಾತಿನಲ್ಲೂ ನ್ಯಾಯವಿತ್ತು.

ಮರಿ ಕಂಡದ್ದನ್ನೆಲ್ಲ ಕಚ್ಚುವುದು ತುಂಟತನಕ್ಕಷ್ಟೇ ಅಲ್ಲ. ನಾಯಿಮರಿಯ 28 ಹಾಲುಹಲ್ಲುಗಳು ನಾಲ್ಕು ತಿಂಗಳ ಹೊತ್ತಿಗೆ ಬೀಳತೊಡಗಿ, ಆರೇಳು ತಿಂಗಳ ವೇಳೆಗೆ 42 ಶಾಶ್ವತ ಹಲ್ಲುಗಳು ಮೂಡುತ್ತವೆ. ಆಗ ಒಸಡು ನವೆಯುತ್ತದೆ, ನೋಯುತ್ತದೆ. ಅದಕ್ಕೆ ಚಪ್ಪಲಿಯೂ ಒಂದೇ, ಮೊಬೈಲಿನ ಚಾರ್ಜರ್ ವೈರೂ ಒಂದೇ. ಚಪ್ಪಲಿ ಹೋದರೆ ನಷ್ಟ ನೂರಾರು ರೂಪಾಯಿ. ಕರೆಂಟಿರುವ ವೈರು ಕಚ್ಚಿದರೆ ಮರಿಯ ಪ್ರಾಣಕ್ಕೇ ಅಪಾಯ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ಇವೆಲ್ಲ ನಾಯಿಗೆ ವಿಷ.

ಆದ್ದರಿಂದ ಮೊದಲು ತಿದ್ದಬೇಕಾದದ್ದು ಮನೆಯನ್ನು. ಆ ಮನೆಯಲ್ಲಿ ಹಾಗೇ ಆಯಿತು. ದೇವರ ಮನೆಗೆ, ಅಡಿಗೆಮನೆಗೆ ಚಿಲಕ ಬಿತ್ತು. ವೈರುಗಳು ಮೇಲೇರಿದವು. ಮರಿಗೆ ನಡುಮನೆ ಮಾತ್ರ. ಅಲ್ಲಿ ನೀರು, ಕಚ್ಚಲು ರಬ್ಬರಿನ ಆಟಿಕೆ, ಬಾಗಿಲು ತೆಗೆದಿಟ್ಟ ಅದರ ಗೂಡು. ಮೊದಲ ದಿನ ಮನೆಯವರು ಹೊರಗಿದ್ದದ್ದು ಐದೇ ನಿಮಿಷ, ಮೂಲೆಯ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರುವಷ್ಟು ಹೊತ್ತು. ಆಮೇಲೆ ಕಾಲು ಗಂಟೆ, ಅರ್ಧ ಗಂಟೆ. ಹೋಗುವಾಗ ಮುದ್ದಾಟವಿಲ್ಲ, ಬಂದಾಗ ಸಂಭ್ರಮವಿಲ್ಲ. ಹೋಗಿಬರುವುದು ದೊಡ್ಡ ಸಂಗತಿಯಲ್ಲ ಎಂದು ಮರಿಗೆ ತಿಳಿಯಬೇಕಲ್ಲ!

ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲಿಟ್ಟು ಮಗಳು ಚಿತ್ರ ತೆಗೆದಳು. ಒಂಟಿತನಕ್ಕೆ ಹೆದರುವ ನಾಯಿಯ ಗೋಳು ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ. ಬಾಗಿಲು ಕೆರೆಯುವುದು, ಎಡೆಬಿಡದೆ ಊಳಿಡುವುದು, ಜೊಲ್ಲು ಸುರಿಸುವುದು, ಪ್ರಿಯವಾದ ತಿಂಡಿಯನ್ನೂ ಮೂಸದಿರುವುದು ಅದರ ಗುರುತು. ಅಂಥ ನಾಯಿಯನ್ನು ಗೂಡಿನಲ್ಲಿಟ್ಟರೆ ಕಂಬಿ ಕಚ್ಚಿ ಹಲ್ಲು ಮುರಿದುಕೊಂಡೀತು. ಹೊರಗೆ ಬಿಟ್ಟರೂ ಸುಖವಿಲ್ಲ. ಪಶುವೈದ್ಯರನ್ನು ಕಾಣುವುದೇ ಲೇಸು. ಈ ಮರಿ ಹತ್ತು ನಿಮಿಷ ಬಾಗಿಲು ನೋಡಿತು, ಒಂದು ಸುತ್ತು ಬಂತು, ಮಲಗಿತು.

ಮೂತ್ರದ ಲೆಕ್ಕವನ್ನೂ ಮರೆಯುವಂತಿಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿದರೆ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಂಡೀತು ಎಂಬುದು ಅಂದಾಜು. ಮಗಳು ಒಂದೂವರೆಗೆ ಕಾಲೇಜಿನಿಂದ ಮರಳುತ್ತಿದ್ದುದರಿಂದ ಆ ಮನೆಗೆ ಇದು ಹೊಂದಿತು. ಸಂಜೆಯವರೆಗೆ ಯಾರೂ ಬರದ ಮನೆಯಾದರೆ, ನಡುವೆ ಬಾಗಿಲು ತೆಗೆಯುವ ನೆರೆಯವರೊಬ್ಬರು ಬೇಕೇ ಬೇಕು.

ಮೂರನೆಯ ವಾರ ಎಡವಟ್ಟಾಯಿತು. ಮಗಳು ಟೀಪಾಯಿಯ ಮೇಲೆ ಬಿಟ್ಟುಹೋದ ಭೌತಶಾಸ್ತ್ರದ ರೆಕಾರ್ಡ್ ಪುಸ್ತಕ ಚೂರುಚೂರಾಗಿತ್ತು. ಅಂದು ರಜೆ ಹಾಕಿ ಬ್ಯಾಂಕಿಗೆಂದು ಹೋಗಿದ್ದ ಅಪ್ಪ ಅವಳ ಜೊತೆಗೇ ಒಳಗೆ ಬಂದವರು, "ಏನಿದು!" ಎಂದು ಗದರಿದರು. ಮರಿ ಕಿವಿ ಮಡಚಿ, ಬಾಲ ಮುದುರಿ ನೆಲಕ್ಕಂಟಿತು. "ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತಿದೆ" ಎಂದು ಕೈಯೆತ್ತಿದರು. ಮಗಳು ಅಡ್ಡ ಬಂದಳು.

ನಾಯಿಯ ಈ 'ತಪ್ಪಿತಸ್ಥ ಮುಖ'ವನ್ನು ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಡವೆಂದ ತಿಂಡಿಯನ್ನು ನಾಯಿ ತಿಂದಿರಲಿ, ಬಿಟ್ಟಿರಲಿ, ಯಜಮಾನ ಗದರಿದಾಗ ಆ ಮುಖ ಹೆಚ್ಚಾಗಿ ಕಂಡಿತು. ಎಂದರೆ, ಅದು ಮಾಡಿದ ತಪ್ಪಿನ ಅರಿವಲ್ಲ, ಎದುರಿಗಿರುವವರ ಸಿಟ್ಟಿಗೆ ಕೊಡುವ ಉತ್ತರ. ಗಂಟೆಗಳ ಹಿಂದೆ ಹರಿದ ಪುಸ್ತಕಕ್ಕೆ ಈಗ ಹೊಡೆದರೆ ಮರಿ ಕಲಿಯುವುದು ಒಂದೇ ಪಾಠ: ಮನೆಯವರು ಬಂದರೆ ಹೆದರಬೇಕು. ಪಂಚತಂತ್ರದ ಮುಂಗುಸಿಯ ಕತೆ ಎಲ್ಲರಿಗೂ ಗೊತ್ತು. ಬಾಯಿಗಂಟಿದ ರಕ್ತ ಕಂಡು, ತೊಟ್ಟಿಲಿನತ್ತ ನೋಡದೆ ಕೊಂದ ತಾಯಿಯ ಅವಸರ ಈಗಲೂ ಬಾಗಿಲು ತೆರೆದೊಡನೆ ಎಷ್ಟೋ ಮನೆಗಳಲ್ಲಿ ಕಾಣುತ್ತದೆ.

ಮಗಳು ಮೂರು ರಾತ್ರಿ ಕೂತು ರೆಕಾರ್ಡನ್ನು ಮತ್ತೆ ಬರೆದಳು. ಅಂದಿನಿಂದ ಪುಸ್ತಕಗಳು ಕಪಾಟು ಸೇರಿದವು. ಅಮ್ಮ ವರ್ಷಗಟ್ಟಲೆ ಹೇಳಿಯೂ ಆಗದಿದ್ದ ಕೆಲಸ ಅದು. ಮತ್ತೆ ಗೂಡಿನ ಬಾಗಿಲು ಹಾಕಬೇಕೆ ಎಂಬ ಚರ್ಚೆ ಬಂದಾಗ ಅಮ್ಮನೇ ಹೇಳಿದರು: "ಒಂಬತ್ತನೇ ಕ್ಲಾಸಲ್ಲಿ ಇವಳ ಕೈಗೆ ಮನೆ ಕೀ ಕೊಟ್ವಲ್ಲ, ಮೊದಲನೇ ವಾರವೇ ಕಳಕೊಂಡು ಬಂದಳು. ಮತ್ತೆ ಕೊಡಲಿಲ್ವಾ?"

ಅಪ್ಪ ಮಾತಾಡಲಿಲ್ಲ. ಮರುದಿನದಿಂದ ಒಂದು ವಾರ ಮರಿಯ ಒಂಟಿ ಹೊತ್ತನ್ನು ಅರ್ಧ ಗಂಟೆಗೆ ಇಳಿಸಿದರು. ಆ ವಾರ ಅಪ್ಪ, ಅಮ್ಮ ಸರದಿಯ ಮೇಲೆ ರಜೆ ಹಾಕಬೇಕಾಯಿತು. ಆಮೇಲೆ ಮತ್ತೆ ಮೆಲ್ಲಗೆ ಏರಿಸಿದರು.