ಕಠಾರಿಯ ಹಿಡಿ

ನಮ್ಮ ತಂದೆತಾಯಿಯರ ಮದುವೆಯ ಚಿತ್ರವೊಂದು ಮನೆಯಲ್ಲಿದೆ. 1976ರದು, ಕಪ್ಪುಬಿಳುಪು, ಅಂಚುಗಳು ಹಳದಿಗಟ್ಟಿವೆ. ಅಪ್ಪ ಬಾಸಿಂಗ ಕಟ್ಟಿಕೊಂಡು, ಕ್ಯಾಮೆರಾವನ್ನು ಅನುಮಾನದಿಂದ ನೋಡುತ್ತ ನಿಂತಿದ್ದಾರೆ. ಬಲಗೈಯಲ್ಲಿ ಕಠಾರಿ, ಅದರ ಮೊನೆಗೆ ಚುಚ್ಚಿದ ನಿಂಬೆಹಣ್ಣು. ಅಲಗು ಸ್ಪಷ್ಟವಾಗಿದೆ: ಎರಡು ಕಡೆಯೂ ಬಾಯಿ, ನಡುವೆ ಎದ್ದ ಏಣು, ಕೊನೆಗೆ ಎಲೆಯ ತುದಿಯಂತೆ ಸಣ್ಣಗಾಗುವ ಮೊನೆ. ಹಿಡಿ ಮಾತ್ರ ಕಾಣುವುದಿಲ್ಲ. ಅದು ಅಪ್ಪನ ಮುಷ್ಟಿಯೊಳಗಿದೆ.

ನಮ್ಮ ಕಿರಿಯ ತಮ್ಮನ ಮದುವೆ ಚೆನ್ನೈಯಲ್ಲೇ ಗೊತ್ತಾದಾಗ ನಾವಿಬ್ಬರು ಅಣ್ಣಂದಿರು ಈ ಚಿತ್ರವನ್ನು ಹೊರತೆಗೆದೆವು. ಮಧುಗಿರಿ ಸೀಮೆಯ ನಮ್ಮ ಕಡೆಯ ಮದುವೆಗಳಲ್ಲಿ ಚಪ್ಪರದ ದಿನದಿಂದ ಕಂಕಣ ಬಿಚ್ಚುವವರೆಗೆ ಗಂಡಿನ ಕೈಯಲ್ಲಿ ಕಠಾರಿ ಇರಬೇಕು. ಕಬ್ಬಿಣ ಕೈಯಲ್ಲಿದ್ದರೆ ಗಾಳಿ ಸೋಕದು, ನಿಂಬೆಹಣ್ಣಿದ್ದರೆ ದೃಷ್ಟಿ ತಾಗದು ಎಂಬ ನಂಬಿಕೆ. ನಂಬಿಕೆ ನಮಗೆಷ್ಟಿತ್ತೋ ಹೇಳಲಾರೆವು. ಆದರೆ ಕಠಾರಿಯಿಲ್ಲದೆ ನಿಂತ ಮದುಮಗನನ್ನು ಅಮ್ಮ ಒಪ್ಪುವಂತಿರಲಿಲ್ಲ.

ಮನೆತನದ ಕಠಾರಿ ಊರಿನಲ್ಲಿ, ದೊಡ್ಡಪ್ಪನ ಬಳಿ ಇತ್ತು. 1994ರಲ್ಲಿ ತಾತ ತೀರಿಕೊಂಡ ಮೇಲೆ ಪಾಲಾಯಿತು. ಹೊಲ, ಬಾವಿ, ಹುಣಸೆಮರಗಳೆಲ್ಲ ಹೇಗೋ ಹಂಚಿಕೆಯಾದವು. ಆದರೆ ಕಠಾರಿಯ ವಿಷಯ ಬಂದಾಗ ದೊಡ್ಡಪ್ಪ, “ಅದೊಂದನ್ನ ಕೇಳಬೇಡಿ” ಎಂದು ಎದ್ದು ಹೋದರಂತೆ. ಅಪ್ಪ ಕೇಳಲಿಲ್ಲ. ಅಮ್ಮ ಮಾತ್ರ ಅದನ್ನು ಮರೆಯಲಿಲ್ಲ. ಬೆಳೆಯುತ್ತ ನಾವೂ ಮರೆಯಲಿಲ್ಲ. ಎಷ್ಟು ಸಣ್ಣ ವಸ್ತುವಿಗೆ ಎಷ್ಟು ದೊಡ್ಡ ಆಸೆ ಎಂದು ಆಡಿಕೊಂಡೆವು. ಅಪ್ಪ ಆಗೆಲ್ಲ ಸುಮ್ಮನಿರುತ್ತಿದ್ದರು. ಆ ಮೌನವನ್ನು ಅವರ ನೋವೆಂದು ತಿಳಿದೆವು. ನಮ್ಮ ಮದುವೆಗಳಲ್ಲಿ ಬಾಡಿಗೆಗೆ ತಂದ ತಗಡಿನ ಬಾಕುಗಳನ್ನು ಹಿಡಿದೆವು. ಅಪ್ಪ ತೀರಿಹೋಗಿ ಈಗ ಒಂಬತ್ತು ವರ್ಷ.

ಈ ಸಲ ಬಾಡಿಗೆಯದು ಬೇಡ, ದೊಡ್ಡಪ್ಪನನ್ನು ಕೇಳುವುದೂ ಬೇಡ, ನಾವೇ ಮಾಡಿಸೋಣ ಎಂದುಕೊಂಡೆವು. ಈ ನಿರ್ಧಾರದಲ್ಲಿ ತಮ್ಮನ ಮೇಲಿನ ಪ್ರೀತಿಯೆಷ್ಟು, ದೊಡ್ಡಪ್ಪನ ಮೇಲಿನ ಹಟವೆಷ್ಟು ಎಂದು ಆಗ ಅಳೆದು ನೋಡಲಿಲ್ಲ.

ಮೊದಲು ಹೋದದ್ದು ಎಗ್ಮೋರಿನ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ತಂಜಾವೂರಿನ ಅರಮನೆಯ ಶಸ್ತ್ರಾಗಾರದಿಂದ ಬಂದ ಆಯುಧಗಳಿವೆ. ಅವುಗಳಲ್ಲಿ ಕಠಾರಿಗಳೂ ಇವೆ. ಆದರೆ ಅವು ಬೇರೆಯ ಜಾತಿ. ಎರಡು ಸಮಾನಾಂತರ ಸರಳುಗಳ ನಡುವಿನ ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ನೇರವಾಗಿ ತಿವಿಯುವಂಥವು. ನಮ್ಮದು ಮರದ ನೇರ ಹಿಡಿಯ, ಇಬ್ಬಾಯಿಯ ಬಾಕು. ಕನ್ನಡ ಎರಡನ್ನೂ ಕಠಾರಿಯೆಂದೇ ಕರೆಯುತ್ತದೆ. ಕೊಡವರ ಪೀಚೆಕತ್ತಿ ಮತ್ತೆ ಬೇರೆ, ಅದಕ್ಕೆ ಒಂದೇ ಬಾಯಿ. ಇದೇ ವಸ್ತುಸಂಗ್ರಹಾಲಯವನ್ನು 1885ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ನೋಡಿಕೊಂಡ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ವಿವರಗಳನ್ನು ಪ್ರಕಟಿಸಿದನು. ಮದುಮಗನ ಕೈಯ ಕಠಾರಿಯೂ ನಿಂಬೆಹಣ್ಣೂ ಅಲ್ಲಿ ದಾಖಲಾಗಿವೆ. ವರನ ಬದಲು ಅವನ ಕತ್ತಿಯನ್ನೇ ಕಳುಹಿಸಿ ಅದರ ಮುಂದೆ ತಾಳಿ ಕಟ್ಟಿಸುವ ತೆಲುಗು ಸೀಮೆಯ ಕತ್ತಿ ಮದುವೆಯ ಪ್ರಸ್ತಾಪವೂ ಇದೆ. ನಾವು ಇಂಗ್ಲಿಷ್ ಓದಿದ್ದಕ್ಕೆ ಆದ ಒಂದು ಉಪಯೋಗವೆಂದರೆ ನಮ್ಮ ಅಜ್ಜಿಗೆ ಗೊತ್ತಿದ್ದುದನ್ನು ಸಂಪುಟಗಳಲ್ಲಿ ಹುಡುಕಿ ಓದುವುದು.

ಎರಡನೆಯ ಚಿಂತೆ ಕಾನೂನಿನದು. ನಮ್ಮಲ್ಲಿ ಹಿರಿಯವನದು ಕೇಂದ್ರ ಸರ್ಕಾರದ ನೌಕರಿ. ಆಯುಧವೆಂಬ ಪದವೇ ನಿದ್ದೆಗೆಡಿಸಲು ಸಾಕು. 1959ರ ಆಯುಧ ಕಾಯಿದೆಯ ನಿಯಮಗಳನ್ನು ತಂದು ಓದಿದೆವು. ಮನೆಬಳಕೆಗೋ ಬೇಸಾಯಕ್ಕೋ ಕೈಗಾರಿಕೆಗೋ ಅಲ್ಲದ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳ ಮಾತು ಅಲ್ಲಿದೆ. ನಾವು ಏಳೂವರೆ ಅಂಗುಲ ಉದ್ದ, ಒಂದೂಕಾಲು ಅಂಗುಲ ಅಗಲ ಎಂದು ನಿಶ್ಚಯಿಸಿದೆವು. ಬಾಯಿಯನ್ನು ಹರಿತ ಮಾಡಿಸುವುದೂ ಬೇಡವೆಂದುಕೊಂಡೆವು.

ಉಕ್ಕಿಗಾಗಿ ಪುದುಪೇಟೆಗೆ ಹೋದೆವು. ಚೆನ್ನೈಯ ಹಳೆಯ ಗಾಡಿಗಳೆಲ್ಲ ಬಿಡಿಬಿಡಿಯಾಗಿ ಕೊನೆಗೆ ಸೇರುವ ಪೇಟೆಯದು. ಅಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದು ಸಿಕ್ಕಿತು. ಬಾಗಿದರೂ ಮುರಿಯದ ಗುಣ ಅದಕ್ಕಿದೆ. ಒಂದು ಕಾಲಕ್ಕೆ ನಮ್ಮ ಮಧುಗಿರಿ ಸೀಮೆಯೇ ಉಕ್ಕು ಮಾಡುತ್ತಿತ್ತು ಎಂಬುದನ್ನು ಆ ಹೊತ್ತಿನಲ್ಲಿ ನೆನೆದೆವು. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ಚೂರನ್ನು ತಂಗಡಿಯ ಕಡ್ಡಿ ಮತ್ತು ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಬೇಯಿಸಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂಗ್ಲಿಷಿನ ‘ವೂಟ್ಜ್’ ಎಂಬ ಪದ ನಮ್ಮ ಉಕ್ಕಿನಿಂದಲೇ ಹುಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅಂಥ ಸೀಮೆಯ ನಾವು ಮದರಾಸಿನಲ್ಲಿ ಲಾರಿಯ ಪಟ್ಟಿಗೆ ಚೌಕಾಸಿ ಮಾಡುತ್ತ ನಿಂತಿದ್ದೆವು.

ವ್ಯಾಸರಪಾಡಿಯ ಕಡೆ ಗಡಾರಿ, ಉಳಿಗಳನ್ನು ಮಾಡಿಕೊಡುವ ಕುಲುಮೆಯೊಂದಿದೆ. ಅಲ್ಲಿಯ ಹಿರಿಯರು ಚಿತ್ರವನ್ನು ಬಹಳ ಹೊತ್ತು ನೋಡಿ, ಎರಡು ಭಾನುವಾರ ಬನ್ನಿ, ಒಬ್ಬರು ತಿದಿ ತಿರುಗಿಸಬೇಕು ಎಂದರು. ಇಬ್ಬಾಯಿಯ ಅಲಗು ಬಡಿಯುವುದು ಏಕೆ ಕಷ್ಟವೆಂಬುದು ತಿದಿಯ ಪಕ್ಕದಲ್ಲಿ ಕುಳಿತಾಗ ತಿಳಿಯಿತು. ಕಾದ ಪಟ್ಟಿಯ ಒಂದು ಬದಿಯನ್ನು ಬಡಿದು ತೆಳುಮಾಡಿದರೆ ಆ ಬದಿ ಹಿಗ್ಗುತ್ತದೆ, ಅಲಗು ಎದುರು ಬದಿಗೆ ಬಾಗುತ್ತದೆ. ಒಂದೇ ಬಾಯಿಯ ಕತ್ತಿಯಾದರೆ ಬೆನ್ನಿದೆ, ಬಾಗಿದರೂ ಅದೊಂದು ಅಂದವೇ. ಕಠಾರಿಗೆ ಬೆನ್ನಿಲ್ಲ. ಈ ಬದಿಗೆ ನಾಲ್ಕು ಪೆಟ್ಟು ಬಿದ್ದರೆ ಆ ಬದಿಗೂ ನಾಲ್ಕು ಬೀಳಬೇಕು, ನಡುವಿನ ಏಣು ಎತ್ತಲೂ ಸರಿಯಬಾರದು. ಅವರು ಪ್ರತಿ ಕಾವಿಗೂ ಅಲಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಮೊದಲ ಭಾನುವಾರದ ಕೊನೆಗೆ ಅದನ್ನು ಬೂದಿಯಲ್ಲಿ ಹೂತಿಟ್ಟರು. ನಿಧಾನವಾಗಿ ಆರಿದರೆ ಮೆದುವಾಗಿ ಅರಕ್ಕೆ ಬಗ್ಗುತ್ತದೆ.

ಅರ ಉಜ್ಜುವ ಕೆಲಸ ನಮ್ಮದಾಯಿತು. ಆರು ಸಂಜೆ ಉಜ್ಜಿದೆವು. ಅಂಗೈಯಲ್ಲಿ ಬೊಕ್ಕೆ ಎದ್ದವು. ಮರುವಾರ ಹದ. ಅಲಗು ಕೆಂಪಾಗಿ ಕಾದು, ಅಯಸ್ಕಾಂತ ಅದಕ್ಕೆ ಅಂಟದ ಹೊತ್ತಿನಲ್ಲಿ ಎಣ್ಣೆಗೆ ಇಳಿಸಿದರು. ಈ ಪಟ್ಟಿಗೆ ನೀರು ತಡೆಯದು, ಸೀಳುತ್ತದೆ ಎಂದರು. ಹೊಗೆ ಅಡಗಿದ ಮೇಲೆ ಮತ್ತೆ ಹಗುರವಾಗಿ ಕಾಯಿಸಿ, ಉಜ್ಜಿದ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿದರು. ಹಾಗೆ ಮಾಡದಿದ್ದರೆ ಗಾಜಿನಂತೆ ಒಡೆಯುತ್ತದೆ. ಕೊನೆಗೆ ಕೇಳಿದರು: “ಕೂರ್ ತೀಟ್ಟಣುಮಾ?” ಹರಿತ ಮಾಡಬೇಕೆ? ಬೇಡವೆಂದೆವು. ಆದರೆ ಆ ‘ಕೂರ್’ ಕಿವಿಯಲ್ಲಿ ಉಳಿಯಿತು. ಹಳಗನ್ನಡದಲ್ಲಿಯೂ ಕೂರ್ ಎಂದರೆ ಹರಿತ. ಕೂರಂಬು ಎಂದರೆ ಹರಿತವಾದ ಬಾಣ. ಅದೇ ಹಳಗನ್ನಡದಲ್ಲಿ ಕೂರ್ ಎಂದರೆ ಪ್ರೀತಿಸು ಎಂದೂ ಅರ್ಥ. ಕೂರ್ಮೆ ಎಂದರೆ ಒಲವು. ಬಸ್ಸಿನಲ್ಲಿ ಮರಳುವಾಗ ಇದನ್ನು ಮಾತಾಡಿಕೊಂಡೆವು, ಅಷ್ಟಕ್ಕೇ ಬಿಟ್ಟೆವು.

ಉಳಿದದ್ದು ಹಿಡಿ. ಅದರ ಕೆತ್ತನೆ ಹೇಗಿತ್ತೆಂದು ಅಮ್ಮನಿಗೆ ನೆನಪಿರಲಿಲ್ಲ. “ಎಷ್ಟೋ ತಲೆಮಾರಿಂದು, ಏನೋ ಹೂವು ಬಳ್ಳಿ ಇತ್ತು” ಎಂದರು. ಮೊದಲು ಹಳೆಯ ಕಿಟಕಿಯ ತೇಗದ ತುಂಡಿನಲ್ಲಿ ತಾವರೆಯ ಮೊಗ್ಗು ಕೆತ್ತಿದೆವು. ಅಲಗಿನ ಬಾಲವನ್ನು ಕಾಯಿಸಿ ತೂತಿಗೆ ಇಳಿಸುವಾಗ, ತೂತು ಕಿರಿದಾಗಿ, ಹಿಡಿ ಎರಡು ಹೋಳಾಯಿತು. ಎರಡನೆಯದಕ್ಕೆ ಅಟ್ಟದ ಮೇಲಿದ್ದ ಅಜ್ಜಿಯ ಮಂಚದ ಮುರಿದ ಕಾಲನ್ನು ಇಳಿಸಿದೆವು. ಅಪ್ಪ ಚೆನ್ನೈಗೆ ಬಂದು ನಮ್ಮೊಡನೆ ನೆಲೆಸಿದಾಗ ಅದನ್ನು ಹೊತ್ತು ತಂದಿದ್ದರು. “ಬೀಟೆ, ಬಿಸಾಡಬೇಡಿ” ಎಂದಷ್ಟೇ ಹೇಳಿದ್ದರು. ಏಕೆಂದು ನಾವು ಕೇಳಿರಲಿಲ್ಲ. ಬೀಟೆ ಉಳಿಗೆ ಸುಲಭವಾಗಿ ಬಗ್ಗದು, ಆದರೆ ಕೊಟ್ಟ ಗೆರೆಯನ್ನು ಬಿಡದು. ಮೊಗ್ಗನ್ನು ಮತ್ತೆ ಕೆತ್ತಿದೆವು. ತೂತನ್ನು ಈ ಸಲ ಸಡಿಲವಾಗಿ ಕೊರೆದು, ಅರಗನ್ನೂ ಇಟ್ಟಿಗೆಪುಡಿಯನ್ನೂ ಬೆರೆಸಿ ತುಂಬಿ, ಕಾದ ಬಾಲವನ್ನು ಒತ್ತಿ ಕೂರಿಸಿದೆವು. ಅರಗು ಕರಗಿ ಹಿಡಿದುಕೊಂಡಿತು. ಬಾಯಿಗೊಂದು ಹಿತ್ತಾಳೆಯ ಉಂಗುರ ತೊಡಿಸಿ, ಉಪ್ಪು ಕಾಗದದಿಂದ ಉಜ್ಜಿ, ಜೇನುಮೇಣ ಹಚ್ಚಿದೆವು. ಅಮ್ಮ ಕೈಯಲ್ಲಿ ಹಿಡಿದು ನೋಡಿ, “ಇನ್ನು ಅವರದು ಅವರಿಗೇ ಇರಲಿ” ಎಂದರು. ನಮಗೂ ಗೆದ್ದೆವೆನ್ನಿಸಿತು.

ಚಪ್ಪರದ ದಿನ ಬೆಳಗ್ಗೆ ದೊಡ್ಡಪ್ಪ ಬಂದರು. ಎಂಬತ್ತು ದಾಟಿದ ದೇಹ, ರಾತ್ರಿಯಿಡೀ ಬಸ್ಸಿನ ಪ್ರಯಾಣ. ಲಗ್ನಪತ್ರಿಕೆ ಕಳುಹಿಸಿದ್ದೆವು, ಬರುತ್ತಾರೆಂದು ಎಣಿಸಿರಲಿಲ್ಲ. ಕೈಚೀಲದಿಂದ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟನ್ನು ತೆಗೆದು ಬಿಚ್ಚಿದರು. ನಾವು ಆ ಹಿಡಿಯನ್ನು ಬುದ್ಧಿ ಬಂದ ಮೇಲೆ ಮೊದಲ ಬಾರಿಗೆ ನೋಡಿದೆವು. ಹೂವೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ. ಗೋಧಿಕಾಳುಗಳಂಥ ಗುರುತುಗಳ ನಾಲ್ಕು ಸಾಲು. ಒಂದು ಸಾಲು ನಡುವೆ ವಾರೆಯಾಗಿ, ಮುಂದೆ ಸರಿಹೋಗಿತ್ತು. ಕಲಿಯುವವರ ಕೈ ಎಂದು ನೋಡಿದೊಡನೆ ತಿಳಿಯುವಂತಿತ್ತು. ಒಂದು ತಿಂಗಳ ಹಿಂದಾಗಿದ್ದರೆ ನಮಗೆ ತಿಳಿಯುತ್ತಿರಲಿಲ್ಲ.

“ನಿಮ್ಮಪ್ಪ ಕೆತ್ತಿದ್ದು ಕಣ್ರೋ ಇದು” ಎಂದರು. 1972ರಲ್ಲಿ ಅವರ ಮದುವೆಗೆ ಎಂಟು ದಿನವಿರುವಾಗ ಪೆಟ್ಟಿಗೆ ತೆಗೆದರೆ ಹಿಡಿಯನ್ನು ಗೆದ್ದಲು ತಿಂದಿತ್ತಂತೆ. ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ಆಗ ಓದುವ ಹುಡುಗ, ಪಕ್ಕದ ಬೀದಿಯ ಆಚಾರರಿಂದ ಉಳಿ ಇಸಿದುಕೊಂಡು, ಕೊಟ್ಟಿಗೆಯಲ್ಲಿ ಕುಳಿತು ಏಳು ದಿನ ಕೆತ್ತಿದರಂತೆ. “ಅಲಗು ಯಾರ್ದೋ, ಎಷ್ಟು ಹಳೇದೋ. ಅದನ್ನ ಬೇಕಾದ್ರೆ ಅರ್ಧ ಮಾಡಿ ಕೊಡ್ತಿದ್ದೆ. ಹಿಡಿ ನನ್ನ ತಮ್ಮ ನಂಗೆ ಮಾಡಿಕೊಟ್ಟದ್ದು. ಪಾಲಿಗೆ ಹೆಂಗೆ ಇಡ್ಲಿ?”

ನಾವು ಮಾತಾಡಲಿಲ್ಲ. ಅಪ್ಪನಿಗೆ ಇದು ಗೊತ್ತಿತ್ತು. ನಾವು ದೊಡ್ಡಪ್ಪನನ್ನು ಆಡಿಕೊಂಡಾಗಲೆಲ್ಲ ಗೊತ್ತಿತ್ತು. ಒಮ್ಮೆಯೂ ನಮಗೆ ಹೇಳಲಿಲ್ಲ. ಅವರ ಮೌನದಲ್ಲಿದ್ದುದು ನೋವೋ, ಸಂಕೋಚವೋ, ಅಣ್ಣ ಅದನ್ನು ಬಿಟ್ಟುಕೊಡಲಿಲ್ಲವೆಂಬ ಗುಟ್ಟಿನ ಸಂತೋಷವೋ ಎಂದು ಇನ್ನು ಕೇಳುವಂತಿಲ್ಲ. ಅಮ್ಮ ಒಳಗೆ ಹೋಗಿ ದೊಡ್ಡಪ್ಪನಿಗೆ ಕಾಫಿ ತಂದರು. ಮೂವತ್ತು ವರ್ಷಗಳಲ್ಲಿ ಅದು ಮೊದಲನೆಯದು.

ಹಳೆಯದನ್ನೇ ತಮ್ಮನ ಕೈಗೆ ಕೊಡಿ ಎಂದು ನಾವಿಬ್ಬರೂ ಕೇಳಿಕೊಂಡೆವು. ದೊಡ್ಡಪ್ಪ ನಮ್ಮದನ್ನು ಎತ್ತಿಕೊಂಡು, ಏಣಿನ ಮೇಲೆ ಬೆರಳಾಡಿಸಿ, ಒಂದು ಕಣ್ಣು ಮುಚ್ಚಿ ನೇರ ನೋಡಿದರು. ಹಿಡಿ ಸ್ವಲ್ಪ ದಪ್ಪವಾಯಿತು ಎಂದರು. ಆಮೇಲೆ ಮೊನೆಗೆ ನಿಂಬೆಹಣ್ಣು ಚುಚ್ಚಿ ತಮ್ಮನ ಕೈಗೆ ಅದನ್ನೇ ಇಟ್ಟರು. “ಅಣ್ಣಂದಿರು ಮಾಡಿದ್ದು ಅವನ ಕೈಲಿರ್ಲಿ.” ಹಳೆಯದು ಮದುವೆ ಮುಗಿಯುವವರೆಗೆ ಕಳಶದ ಪಕ್ಕದ ಹರಿವಾಣದಲ್ಲಿತ್ತು. ಮರುದಿನ ಅದನ್ನು ಅದೇ ಪಂಚೆಯಲ್ಲಿ ಸುತ್ತಿ ನಾವೇ ದೊಡ್ಡಪ್ಪನ ಕೈಚೀಲದಲ್ಲಿಟ್ಟೆವು.

ಮದುವೆಯ ಚಿತ್ರಗಳು ಬಂದಿವೆ. ತಮ್ಮನೂ ಹಿಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾನೆ. ನಾವು ಅಷ್ಟು ದಿನ ಕೆತ್ತಿದ ಮೊಗ್ಗು ಒಂದು ಚಿತ್ರದಲ್ಲಿಯೂ ಕಾಣುವುದಿಲ್ಲ.