ಜಗಲಿಯ ಕ್ಯಾಮೆರಾಕ್ಕೆ ಅಜ್ಜಿ ಹೊದೆಸಿದ ಟವೆಲ್ಲು

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಮನೆ ಜಗಲಿಯಲ್ಲಿ ಒಂದು ಕ್ಯಾಮೆರಾ ಹಾಕಿ ಬಂದಿದ್ದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬಿಳಿ ಬಣ್ಣ, ಕತ್ತು ತಿರುಗಿಸುವಂಥದ್ದು. ಬೆಂಗಳೂರಲ್ಲಿ ಕೂತು ಫೋನ್ ತೆಗೆದರೆ ಅಜ್ಜಿ ಎದ್ದಳಾ, ತಿಂಡಿ ತಿಂದಳಾ, ಎಲ್ಲಾದರೂ ಜಾರಿ ಬಿದ್ದಳಾ ಎಲ್ಲ ಗೊತ್ತಾಗಬೇಕು ಅನ್ನೋದು ನನ್ನ ಲೆಕ್ಕ. ಅಜ್ಜಿಗೆ ಈಗ 75. ಮಾವ, ಅತ್ತೆ ಬೆಳಗ್ಗೆ ತೋಟಕ್ಕೆ ಇಳಿದರೆ ಮಧ್ಯಾಹ್ನದ ತನಕ ಮನೆಯಲ್ಲಿ ಅವಳೊಬ್ಬಳೇ. ಅಮ್ಮ "ಒಳ್ಳೆ ಕೆಲಸ ಮಾಡಿದೆ" ಅಂದಳು. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಹಾರ್ಟ್ ಒತ್ತಿದರು.

ಒಂಬತ್ತನೇ ದಿನಕ್ಕೆ ಸ್ಕ್ರೀನ್ ಕಪ್ಪಾಯಿತು.

ನೆಟ್‌ವರ್ಕ್ ಹೋಗಿರಬೇಕು ಅಂದುಕೊಂಡೆ. ಆದರೆ ಶಬ್ದ ಬರುತ್ತಿತ್ತು. ಕೋಳಿ ಕೂಗಿದ್ದು, ಅಡಿಕೆ ಸುಲಿಯೋ ಕಚಕ್ ಕಚಕ್, ಅಜ್ಜಿಯ ಕೆಮ್ಮು. ಮಾವನಿಗೆ ಫೋನ್ ಮಾಡಿದರೆ ನಗಲು ಶುರು ಮಾಡಿದ. "ಕ್ಯಾಮೆರಾ ಸರಿಯಾಗೇ ಇದೆ ಮಾರಾಯ್ತಿ. ನಿನ್ನ ಅಜ್ಜಿ ಅದಕ್ಕೆ ಟವೆಲ್ ಹೊದೆಸಿದಾಳೆ!"

ನನ್ನ ಹೊಟ್ಟೆಪಾಡು ಏನು ಅಂದರೆ ಆ್ಯಪ್‌ಗಳನ್ನ ಟೆಸ್ಟ್ ಮಾಡೋದು. "ವಯಸ್ಸಾದವರಿಗೆ ಇದು ಅರ್ಥ ಆಗುತ್ತಾ?" ಅಂತ ನಮ್ಮ ಚೆಕ್‌ಲಿಸ್ಟಿನಲ್ಲಿ ಒಂದು ಸಾಲೇ ಇದೆ. ಅದರ ಮುಂದೆ ಎಷ್ಟು ಸಲ ಟಿಕ್ ಹಾಕಿದ್ದೀನೋ ಲೆಕ್ಕವಿಲ್ಲ. ಅಂಥವಳ ಸ್ವಂತ ಅಜ್ಜಿಯೇ ಟವೆಲ್ ಹೊದೆಸಿದ್ದು ನೋಡಿ ಸ್ವಲ್ಪ ಅವಮಾನವೇ ಆಯಿತು. ಸಂಕ್ರಾಂತಿ ರಜೆಗೆ ಇನ್ನೊಂದು ದಿನ ಸೇರಿಸಿ, ಅಜ್ಜಿಗೆ ಬುದ್ಧಿ ಹೇಳೋಣ ಅಂತ ಹೊರಟೆ.

ಕಾಯೋದೇ ಇಲ್ಲದ ಹೊಳೆಬಾಗಿಲು

ತಾಳಗುಪ್ಪ ರೈಲಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಸಾಗರ ಜಂಬಗಾರು ಸ್ಟೇಷನ್. ಇಳಿದ ಕೂಡಲೇ ಮೂಗಿಗೆ ಚಳಿ, ಕಿವಿಗೆ ಮಲೆನಾಡಿನ ಮಾತು. ಅಲ್ಲಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಸುಮಾರು 30 ಕಿಲೋಮೀಟರ್. ಅಜ್ಜಿಯ ಊರು ಹೊಳೆಯಾಚೆ, ತುಮರಿ ಕಡೆ. 'ಹೊಳೆ' ಅಂತ ನಾವು ಬಾಯಿಮಾತಿಗೆ ಕರೆಯೋದು. ನಿಜಕ್ಕೂ ಅದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಶರಾವತಿ ಇಲ್ಲಿ ನದಿಯ ಹಾಗೆ ಹರಿಯೋದಿಲ್ಲ, ಗುಡ್ಡಗಳ ನಡುವೆ ಕೈಕಾಲು ಚಾಚಿ ಮಲಗಿರುತ್ತಾಳೆ.

ನಾನು ಚಿಕ್ಕವಳಿದ್ದಾಗ ಊರಿಗೆ ಹೋಗೋದು ಅಂದರೆ ಲಾಂಚ್. ಬಸ್ಸು, ಜೀಪು, ಬೈಕು, ಮದುವೆ ದಿಬ್ಬಣ, ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಬಂದ ಭಕ್ತರು, ಎಲ್ಲ ಒಂದೇ ಹಲಗೆಯ ಮೇಲೆ. ರಜೆಯ ದಿನ ಗಾಡಿಗಳ ಸಾಲು ದಿಣ್ಣೆ ಹತ್ತಿ ಆಚೆ ಹೋಗಿರುತ್ತಿತ್ತು. ಕೊನೆಯ ಟ್ರಿಪ್ ತಪ್ಪಿದರೆ ಅವತ್ತಿನ ಕಥೆ ಮುಗೀತು. ಹಾಗಾಗಿ ನಮ್ಮ ಮನೆಯ ಗಡಿಯಾರ ಓಡುತ್ತಿದ್ದದ್ದೇ ಲಾಂಚ್ ಟೈಮಿಗೆ.

2025ರ ಜುಲೈ 14ಕ್ಕೆ ಅದೆಲ್ಲ ಬದಲಾಯಿತು. ಅಂಬಾರಗೊಡ್ಲು–ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳು ಎತ್ತಿ ಹಿಡಿದಿವೆ. ನಮ್ಮ ಬಸ್ಸು ನಿಲ್ಲದೇ ಹಾಗೇ ದಾಟಿಬಿಟ್ಟಿತು. ಕಿಟಕಿಯಿಂದ ವಿಡಿಯೋ ಮಾಡೋಣ ಅಂತ ಫೋನ್ ತೆಗೆಯುವಷ್ಟರಲ್ಲಿ ಅರ್ಧ ಸೇತುವೆ ಮುಗಿದಿತ್ತು. ಖುಷಿಯಾಯಿತು, ಜೊತೆಗೆ ಏನೋ ಮರೆತು ಬಂದ ಹಾಗೂ ಆಯಿತು.

"ಮಿಷನ್ನೇ ನನ್ನ ಬ್ಯಾಡ ಅಂತು"

ಅಜ್ಜಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಜಗಲಿಯ ಮೂಲೆಯಲ್ಲಿ ಕ್ಯಾಮೆರಾ. ಅದರ ಮೇಲೆ ನೀಲಿ ಗೆರೆಯ ಟವೆಲ್ಲು. ದೇವರ ಪಟಕ್ಕೆ ಬಟ್ಟೆ ಹೊದೆಸಿದ ಹಾಗೆ ನೀಟಾಗಿ!

ಆ ವಿಷಯ ಕೂಡಲೇ ಎತ್ತಲಿಲ್ಲ. ಕಾಫಿ ಕುಡಿದು, ಪಕ್ಕದಲ್ಲಿ ಕೂತು, ಮೊದಲು ಅಜ್ಜಿಗೆ ಯಾವುದು ಬರುತ್ತೆ, ಯಾವುದು ಬರೋದಿಲ್ಲ ಅಂತ ನೋಡಿದೆ. ಆಫೀಸಿನ ಚಾಳಿ.

ಅವಳ ಹತ್ತಿರ ಮಾವನ ಹಳೇ ಸ್ಮಾರ್ಟ್‌ಫೋನ್ ಇದೆ. ಯೂಟ್ಯೂಬಲ್ಲಿ ಯಕ್ಷಗಾನ ಹುಡುಕೋಕೆ ಟೈಪ್ ಮಾಡೋದಿಲ್ಲ, ಮೈಕ್ ಒತ್ತಿ "ಯಕ್ಷಗಾನ ಹಾಕು" ಅಂತಾಳೆ. ಅದು ಹಾಕುತ್ತೆ. ಬೇಡದ ಪ್ರಸಂಗ ಬಂದರೆ ಬೈತಾಳೆ, ಮತ್ತೆ ಮೈಕ್ ಒತ್ತುತ್ತಾಳೆ. ರಾತ್ರಿ ಕೊಟ್ಟಿಗೆಗೆ ಹೋಗಲು ಫೋನಿನ ಟಾರ್ಚೇ ಬೇಕು. ವಾಟ್ಸ್ಯಾಪಲ್ಲಿ ಮೆಸೇಜ್ ಬರೆಯೋದಿಲ್ಲ, ವಾಯ್ಸ್ ಕಳಿಸುತ್ತಾಳೆ. ಮಿಕ್ಸಿ ಬಂದ ದಿನವೇ ಒರಳುಕಲ್ಲನ್ನು ಹಿತ್ತಿಲಿಗೆ ಹಾಕಿಸಿದವಳು ಅವಳು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಆಧಾರ್ ಕಾರ್ಡು ಸೆರಗಲ್ಲಿ ಕಟ್ಟಿಕೊಂಡು ಮಗಳ ಮನೆ, ತಂಗಿ ಮನೆ ಅಂತ ಎಲ್ಲ ಕಡೆ ತಿರುಗಿದ್ದಾಳೆ.

ಹಾಗಾದರೆ ಹೊಸದು ಅಂದರೆ ಅವಳಿಗೆ ಹೆದರಿಕೆ ಅನ್ನೋ ಮಾತೇ ಸುಳ್ಳಾಯಿತಲ್ಲ?

"ಮತ್ತೆ ಬೆರಳಚ್ಚು ಕೊಡಕ್ಕೆ ಮಾತ್ರ ಹೋಗಲ್ಲ ಅಂತೀಯಂತೆ?" ಅಂದೆ. ಅಮ್ಮ ಈ ದೂರು ಯಾವಾಗಲೂ ಹೇಳುತ್ತಿದ್ದಳು.

ಅಜ್ಜಿ ಕೈ ಚಾಚಿದಳು. ಅಡಿಕೆ ಸಿಪ್ಪೆಯ ಕರೆ ಹಿಡಿದು ಕಪ್ಪಾದ ಬೆರಳುಗಳು. ತುದಿಗಳಲ್ಲಿ ಗೆರೆಯೇ ಇಲ್ಲ, ಹೊಳೆಯ ಕಲ್ಲಿನ ಹಾಗೆ ನುಣ್ಣಗೆ. ಅರವತ್ತು ವರ್ಷ ಅಡಿಕೆ ಸುಲಿದರೆ ಇನ್ನೇನಾಗುತ್ತೆ?

"ನಾಕು ಸಲ ಹೋದೆ. ಒತ್ತು ಅಂದ್ರು, ಒತ್ತಿದೆ. ಒರೆಸಿ ಒತ್ತು ಅಂದ್ರು, ಒರೆಸಿ ಒತ್ತಿದೆ. ಹಿಂದೆ ನಿಂತವ್ರೆಲ್ಲ ನೋಡ್ತಿದ್ರು. ನಾನು ಮಿಷನ್ ಬ್ಯಾಡ ಅಂದಿದ್ದಲ್ಲ. ಮಿಷನ್ನೇ ನನ್ನ ಬ್ಯಾಡ ಅಂತು."

ಕೊನೆಗೆ ಮನೆಯ ರೇಷನ್ ಅಕ್ಕಿಗೆ ಮಾವನೇ ಹೋಗಿ ಬೆರಳು ಒತ್ತುವುದು ಅಂತ ಆಯಿತು. ನಮ್ಮ ಮನೆಯಲ್ಲಿ ಮಾತ್ರ "ಅಜ್ಜಿಗೆ ಟೆಕ್ನಾಲಜಿ ಆಗಲ್ಲ" ಅನ್ನೋ ತೀರ್ಪು ಉಳಿಯಿತು. ಚೆಕ್‌ಲಿಸ್ಟಿನಲ್ಲಿ ನಾನು ಹಾಕಿದ ಟಿಕ್‌ಗಳೆಲ್ಲ ನೆನಪಾದವು. ಅದರಲ್ಲಿ ಅಕ್ಷರದ ಸೈಜ್ ಇದೆ, ಬಣ್ಣ ಇದೆ, ಬಟನ್ ದೊಡ್ಡದಿದೆಯಾ ಅಂತ ಇದೆ. ಸವೆದ ಬೆರಳು ಅಂತ ಎಲ್ಲೂ ಇಲ್ಲ.

ತಲೆಕೆಳಗಾಗಿ ಕಂಡ ಮನೆ

ಮರುದಿನ ಬೆಳಗ್ಗೆ "ಬ್ರಿಡ್ಜ್ ನೋಡ್ಕೊಂಡು ಬರಣ ಬಾ" ಅಂತ ಅವಳೇ ಹೊರಡಿಸಿದಳು. ಬಸ್ಸಲ್ಲಿ ಎಷ್ಟೋ ಸಲ ದಾಟಿದ್ದಾಳೆ, ನಡೆದು ನೋಡಿಲ್ಲವಂತೆ. ಮಾವ ಜೀಪಿನಲ್ಲಿ ಕಳಸವಳ್ಳಿ ಕಡೆಯ ತುದಿಗೆ ಬಿಟ್ಟ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಮೊದಲು ಕೇಬಲ್‌ಗಳು ಕಂಡವು, ಆಮೇಲೆ ಕಂಬ, ಆಮೇಲೆ ನೀರು. ಅಜ್ಜಿ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಕಟಕಟೆ ಹಿಡಿದು ನಿಧಾನ ನಡೆದಳು. ನಡುವೆ ನಿಂತು ನೀರಿನ ಕಡೆ ಬೆರಳು ತೋರಿಸಿದಳು.

"ಆ ನಡುಗುಡ್ಡೆ ಕಾಣ್ತದಲ, ಅದರ ಬುಡದಾಗೆ ನಮ್ಮ ಮನೆ ಇತ್ತು."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಜ್ಜಿಗೆ ಹದಿಮೂರು. ಊರು ಮುಳುಗಿತು ಅನ್ನೋದು ಗೊತ್ತಿತ್ತು, ಶಾಲೆಯಲ್ಲೂ ಓದಿದ್ದೆ. ಈ ಅಣೆಕಟ್ಟಿಗೂ ಮೊದಲು, 1948ರಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದರ ಸೈಫನ್‌ಗಳು ಮೇಲೆ ಬರುತ್ತವೆ, ಜನ ನೋಡಲು ಹೋಗುತ್ತಾರೆ. ಅದೆಲ್ಲ ಗೊತ್ತಿತ್ತು. ಅಜ್ಜಿ ಅವತ್ತು ಹೇಳಿದ್ದು ಮಾತ್ರ ಗೊತ್ತಿರಲಿಲ್ಲ.

"ನಂಗೆ ಎಂಟೋ ಒಂಬತ್ತೋ. ಪ್ಯಾಂಟು ಹಾಕಿದವ್ರು ನಾಕು ಜನ ಬಂದ್ರು. ಮೂರು ಕಾಲಿನ ಮೇಲೆ ಒಂದು ದುರ್ಬೀನು ಇಟ್ರು. ನಾವು ಮಕ್ಕಳೆಲ್ಲ ಸುತ್ತ ನಿಂತ್ವಿ. ಅವ್ರು ಒಳ್ಳೆಯವ್ರೇ, ನಮಗೂ ಒಂದೊಂದು ಸಲ ಇಣುಕಕ್ಕೆ ಬಿಟ್ರು. ನೋಡ್ತೀನಿ, ನಮ್ಮನೆ ತಲೆಕೆಳಗು! ಮಾಡು ಕೆಳಗೆ, ಅಂಗಳ ಮೇಲೆ. ಅಬ್ಬೆ ಅಲ್ಲೇ ನಿಂತಿದ್ಲು, ಅವಳೂ ತಲೆಕೆಳಗು. ನಕ್ಕು ನಕ್ಕು ಸಾಕಾಯ್ತು."

ಆಗಿನ ಸರ್ವೆ ದುರ್ಬೀನುಗಳಲ್ಲಿ ಬಿಂಬ ತಲೆಕೆಳಗಾಗಿ ಕಾಣೋದು ಸಾಮಾನ್ಯವೇ ಆಗಿತ್ತು. ಆ ಹುಡುಗಿಗೆ ಅದು ಜಾತ್ರೆಯ ಆಟದ ಹಾಗೆ ಕಂಡಿತ್ತು.

"ನಾಕು ವರ್ಷಕ್ಕೆ ನೀರು ಬಂತು. ಯಾರೂ ನಮ್ಮ ಹತ್ರ ಕೇಳಿಲ್ಲ. ಕರೆಂಟಿಗೆ ಅಂದ್ರು. ಆಯ್ತಪ್ಪ, ಕರೆಂಟು ಎಲ್ಲಿಗೋ ಹೋಯ್ತು. ನಮಗೆ ಚಿಮಣಿ ಬುಡ್ಡಿನೇ. ನಿನ್ನ ಅಮ್ಮ ಓದಿದ್ದು ಅದೇ ಬೆಳಕಲ್ಲಿ."

ಮಾತು ನಿಲ್ಲಿಸಿ ಸ್ವಲ್ಪ ಹೊತ್ತು ನೀರು ನೋಡಿದಳು. ಬೈಕೊಂದು ಹಾದು ಹೋಯಿತು. ಆಮೇಲೆ ಕೇಬಲನ್ನು ಅಂಗೈಯಿಂದ ತಟ್ಟಿದಳು, ಹಸುವಿನ ಬೆನ್ನು ತಟ್ಟಿದ ಹಾಗೆ.

"ಇದು ನಾವು ಕೇಳಿದ್ದು. ಎಷ್ಟು ವರ್ಷ ಕೇಳಿದ್ದು! ನಿನ್ನ ಅಜ್ಜ ಅರ್ಜಿಗೆ ಸಹಿ ಹಾಕಿ ಹಾಕಿನೇ ಮುದುಕ ಆದ್ರು."

ಕೇಳುವುದು ಈ ಕಡೆಯವರಿಗೆ ಹೊಸದಲ್ಲ. ಮೊಬೈಲ್ ಟವರಿಗಾಗಿ "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಅಭಿಯಾನ ಮಾಡಿದ ಊರುಗಳು ಇವು. ಫೋಟೋ ಹಾಕಿ "ಡಿಜಿಟಲ್ ಡಿಟಾಕ್ಸ್‌ಗೆ ಬೆಸ್ಟ್ ಜಾಗ" ಅಂತ ನಾವು ಬರೆಯುತ್ತೀವಲ್ಲ, ಅದೇ ಊರುಗಳು.

ನಾನು ಕ್ಯಾಮೆರಾ ವಿಷಯ ಎತ್ತಬೇಕಾಗಲಿಲ್ಲ. ಅವಳೇ ತೆಗೆದಳು. "ನೀನು ಒಳ್ಳೆಯದಕ್ಕೇ ಹಾಕಿದ್ದು. ಅವ್ರೂ ಒಳ್ಳೆಯವ್ರೇ ಆಗಿದ್ರು ಅಂದ್ನಲ. ಆದ್ರೆ ದೂರದಿಂದ ಮನೆ ನೋಡೋರು ಒಂದು ಮಾತು ಕೇಳ್ಬೇಕಪ್ಪ. ಬೆಳಗ್ಗೆ ತಲೆ ಬಾಚ್ಕಂತಾ ಕೂತಿರ್ತೀನಿ, ಅದರ ಕತ್ತು ಸರ್‍ರಂತ ನನ್ನ ಕಡೆ ತಿರುಗ್ತದೆ. ಯಾರು ತಿರುಗಿಸಿದ್ದು ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ನೀನಾ, ನಿನ್ನ ಅಮ್ಮನಾ, ಅಳಿಯನಾ?"

ನಾನೇ ತಿರುಗಿಸುತ್ತಿದ್ದದ್ದು. ಮೀಟಿಂಗ್ ಮಧ್ಯೆ, ಬೇಜಾರಾದಾಗ. ಆದರೆ ಪಾಸ್‌ವರ್ಡ್ ನಾಲ್ಕು ಜನರ ಹತ್ತಿರ ಇತ್ತು. ಅಜ್ಜಿಗೆ ಅದನ್ನೂ ಹೇಳಿರಲಿಲ್ಲ.

"ನೀನು ಬಿದ್ದುಗಿದ್ದರೆ ಅಂತ ಹೆದರಿಕೆ ಅಜ್ಜಿ" ಅಂದೆ.

"ಹೌದು, ನಂಗೂ ನಿನ್ನ ಬಗ್ಗೆ ಹೆದರಿಕೆ. ಒಬ್ಬಳೇ ಇರ್ತೀಯ, ರಾತ್ರಿ ಹನ್ನೊಂದಕ್ಕೆ ಬರ್ತೀಯ. ನಿನ್ನ ರೂಮಲ್ಲೂ ಒಂದು ಹಾಕು. ನಾನೂ ಕೂತು ನೋಡ್ತೀನಿ."

ಬಾಯಿಗೆ ಉತ್ತರವೇ ಬರಲಿಲ್ಲ. ನನ್ನ ರೂಮಿನ ಅವತಾರ, ರಾತ್ರಿ ತರಿಸಿಕೊಳ್ಳುವ ಬಿರಿಯಾನಿ, ಮಲಗುವ ಹೊತ್ತು, ಬರುವ ಹೋಗುವ ಫ್ರೆಂಡ್ಸ್, ಎಲ್ಲ ಒಂದು ಸಲ ಕಣ್ಣ ಮುಂದೆ ಬಂತು. ನನ್ನ ಮುಖ ನೋಡಿ ಅಜ್ಜಿ ನಕ್ಕಳು. ಎಲೆಯಡಿಕೆಯ ಕೆಂಪು ನಗು. "ಕಂಡ್ಯಾ? ನಿಂಗೂ ಟವೆಲ್ ಬೇಕು ಅನ್ಸ್ತು."

ಅಂಗಳಕ್ಕೆ ತಿರುಗಿದ ಕತ್ತು

ಅವತ್ತು ಮಧ್ಯಾಹ್ನ ಮಾತುಕತೆ ನಡೆಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಅಜ್ಜಿ, ನಡುವೆ ಅತ್ತೆ ಕರಿದ ಹಪ್ಪಳ. ಅಜ್ಜಿಯ ಷರತ್ತು ಮೂರು. ಕ್ಯಾಮೆರಾ ಜಗಲಿಯಿಂದ ಏಳಬೇಕು. ಅಡಿಕೆ ಒಣಗಿಸುವ ಅಂಗಳ ನೋಡಲಿ, ಮಂಗ ಬಂದರೆ ಅವಳಿಗೇ ಉಪಯೋಗ. ಪಾಸ್‌ವರ್ಡ್ ಬದಲಿಸಿ ಅವಳ ಫೋನಿಗೂ ಆ್ಯಪ್ ಹಾಕಬೇಕು. ಕತ್ತು ತಿರುಗಿಸುವ ಮೊದಲು ಫೋನ್ ಮಾಡಿ ಹೇಳಬೇಕು.

ಬೀಳುವ ಭಯಕ್ಕೆ ಏನು ಅಂತ ಕೇಳಿದೆ. ಬಚ್ಚಲಲ್ಲಿ ಹಿಡಿಯೋಕೆ ಒಂದು ಕಬ್ಬಿಣದ ಸರಳು ಹಾಕಿಸಿ ಕೊಡು ಅಂದಳು. ಎರಡು ವರ್ಷದಿಂದ ಮಾವನಿಗೆ ಹೇಳುತ್ತಲೇ ಇದ್ದಾಳಂತೆ. ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಸಂಜೆಯೇ ಸಾಗರಕ್ಕೆ ಹೋಗಿ ಸರಳು ತಂದೆವು. ಹೋಗಿ ಬರಲು ಸೇತುವೆ ಇತ್ತಲ್ಲ, ಕತ್ತಲಾದರೂ ಚಿಂತೆ ಇರಲಿಲ್ಲ.

ನೀವೂ ಆ ಕಡೆ ಹೋಗುವವರಿದ್ದರೆ ಒಂದು ಮಾತು. ಸಾಗರದಿಂದ ಸಿಗಂದೂರಿಗೆ ಈಗ ನೇರ ಓಡಾಡಬಹುದು. ದಾರಿಯ ನೆಪದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿ ಕೂಡ ನೋಡಿಕೊಂಡು ಬನ್ನಿ. ಸೇತುವೆಯ ಮೇಲೆ ಬೆಳಗ್ಗೆ ಬೇಗ ಹೋಗಿ, ಸೆಲ್ಫಿ ತೆಗೆಯಿರಿ. ಜೊತೆಗೆ ಅಲ್ಲಿ ಯಾರಾದರೂ ವಯಸ್ಸಾದವರು ಸುಮ್ಮನೆ ನೀರು ನೋಡುತ್ತ ನಿಂತಿದ್ದರೆ, ಎಲ್ಲಿತ್ತು ಮನೆ ಅಂತ ಕೇಳಿ. ಬೆರಳು ತೋರಿಸುತ್ತಾರೆ.

ಈಗ ಆಫೀಸಿನ ಚೆಕ್‌ಲಿಸ್ಟಿಗೆ ಎರಡು ಸಾಲು ಸೇರಿಸಿದ್ದೀನಿ. ಒಂದು ಸವೆದ ಬೆರಳಿನದು. ಇನ್ನೊಂದು, "ಅವರನ್ನ ಕೇಳಿದ್ರಾ?" ಮ್ಯಾನೇಜರ್ ಎರಡನೆಯದನ್ನು ಟೆಸ್ಟ್ ಮಾಡೋದು ಹೇಗೆ ಅಂತ ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.

ದಿನಾ ಸಂಜೆ ಏಳಕ್ಕೆ ಅಜ್ಜಿಯ ವಾಯ್ಸ್ ಮೆಸೇಜ್ ಬರುತ್ತೆ. ಮೊದಲ ಹತ್ತು ಸೆಕೆಂಡು "ಹಲೋ, ಕೇಳ್ತದಾ, ಕೇಳ್ತದಾ" ಅಂತಲೇ ಇರುತ್ತೆ. ಮೊನ್ನೆಯದರಲ್ಲಿ ಮಾತ್ರ ನೇರ ವಿಷಯಕ್ಕೆ ಬಂದಿದ್ದಳು. "ಅಂಗಳಕ್ಕೆ ಮಂಗ ಬಂದಿತ್ತು. ನಾನು ಒಳಗೆ ಕೂತು ಫೋನಲ್ಲೇ ನೋಡ್ದೆ. ಈಗ ಹೇಳು, ಫೋನಿಂದಲೇ ಕಲ್ಲು ಹೊಡೆಯಕ್ಕೆ ಎಲ್ಲಿ ಒತ್ತಬೇಕು?"